ಸ್ವಂತ ಜಮೀನಿನಲ್ಲಿ ಗುರಿ ಅಭ್ಯಾಸ: ಗುಂಡು ಹೋಗಿ ನಿಲ್ಲುವ ನೆಲ

ಗುರಿ ಹೊಡೆಯುವ ಕ್ರೀಡೆಯ ಬಗ್ಗೆ ನಮ್ಮ ದೇಶದ ಜನಸಾಮಾನ್ಯರಲ್ಲಿ ಆಸಕ್ತಿ ಬೆಳೆದಿರುವುದು ಇತ್ತೀಚಿನ ಕೆಲವು ದಶಕಗಳಲ್ಲಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದಾಗ, ಅವರ ತಂದೆತಾಯಿಗಳು ಪಂಜಾಬಿನ ತಮ್ಮ ಮನೆಯಲ್ಲಿಯೇ ಮಗನಿಗಾಗಿ ಒಳಾಂಗಣ ಶೂಟಿಂಗ್ ರೇಂಜ್ ಕಟ್ಟಿಸಿದ್ದ ಸಂಗತಿ ಮನೆಮಾತಾಯಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಅವರು ಎರಡು ಕಂಚಿನ ಪದಕಗಳನ್ನು ಪಡೆದ ಬಳಿಕ ಈ ಆಸಕ್ತಿ ಇನ್ನಷ್ಟು ಹೆಚ್ಚಿತು. ತೋಟ, ಜಮೀನು ಇರುವ ಅನೇಕರು, 'ನಮ್ಮ ನೆಲದಲ್ಲಿ ನಾವೇ ಒಂದು ಶೂಟಿಂಗ್ ರೇಂಜ್ ಮಾಡಿಕೊಳ್ಳಬಾರದೇಕೆ?' ಎಂದು ಕೇಳುವುದು ಸಹಜವಾಗಿದೆ.

ಕೇರಳದಲ್ಲಿ ಈ ಪ್ರಶ್ನೆಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಬೆಳೆಗಳನ್ನು ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರವು ಪಂಚಾಯಿತಿ, ನಗರಸಭೆಗಳ ಅಧ್ಯಕ್ಷರಿಗೂ ಮಹಾನಗರಗಳ ಮೇಯರುಗಳಿಗೂ ವಹಿಸಿತು. ಗುಂಡು ಹಾರಿಸುವವರು ಪರವಾನಗಿ ಹೊಂದಿದ ಕೋವಿಯವರೇ ಆಗಿರಬೇಕು. ವರ್ಷಗಟ್ಟಲೆ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಕೋವಿಯನ್ನು ಕೆಳಗಿಳಿಸಿದ ಕೃಷಿಕನಿಗೆ, ಅದನ್ನು ಹಿಡಿದು ಹೊರಡುವ ಮೊದಲು ಕೈ ಪಳಗಿಸಿಕೊಳ್ಳಬೇಕೆನ್ನಿಸಿದರೆ ಅದು ತಪ್ಪಲ್ಲ, ಬದಲಿಗೆ ವಿವೇಕ. ಆದರೆ ಎಲ್ಲಿ ಪಳಗಿಸಿಕೊಳ್ಳಬೇಕು ಎಂಬುದು ಬೇರೆಯೇ ಪ್ರಶ್ನೆ. ಕೊಚ್ಚಿಯಿಂದ ತಿರುವನಂತಪುರದವರೆಗಿನ ಪ್ರದೇಶವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಸರಗೋಡಿನ ಕನ್ನಡಿಗರು ಅದೇ ರಾಜ್ಯದ ಆಡಳಿತಕ್ಕೆ ಒಳಪಟ್ಟವರಾದುದರಿಂದ ಇಲ್ಲಿನ ವಿಷಯ ಅವರಿಗೆ ನೇರವಾಗಿ ಅನ್ವಯಿಸುತ್ತದೆ. ನೆಲ, ಮಳೆ, ತೋಟಗಳ ಸ್ವರೂಪ ಬಹುಮಟ್ಟಿಗೆ ಒಂದೇ ಆಗಿರುವ ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಓದುಗರಿಗೂ ಇದು ಹೊರಗಿನ ವಿಷಯವೇನಲ್ಲ.

'ರೇಂಜ್' ಎಂಬ ಮಾತಿಗೆ ಕನ್ನಡದಲ್ಲಿ ಒಪ್ಪುವ ಒಂದೇ ಪದ ಸಿಗುವುದಿಲ್ಲ. ಗುಂಡು ಎಷ್ಟು ದೂರ ಹೋಗಬಲ್ಲದೋ ಆ ದೂರವೂ ರೇಂಜ್. ಗುಂಡು ಹಾರಿಸಿ ಅಭ್ಯಾಸ ಮಾಡುವ ಸ್ಥಳವೂ ರೇಂಜ್. ಅನುವಾದಕನಿಗೆ ಇದು ತೊಡಕಿನ ವಿಷಯವಾದರೂ, ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿಕೊಂಡಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಗುರಿಫಲಕ ನಿಲ್ಲಿಸಿದಲ್ಲಿಗೆ ಅಭ್ಯಾಸದ ಸ್ಥಳ ಮುಗಿಯುವುದಿಲ್ಲ. ತಡೆಯಿಲ್ಲದೆ ಹೋದರೆ ಗುಂಡು ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗಿನ ನೆಲವೆಲ್ಲವೂ ಆ ಸ್ಥಳಕ್ಕೆ ಸೇರಿದ್ದೇ. ಆ ನೆಲ ನಮ್ಮದಾಗಿರಬೇಕು, ಇಲ್ಲವೇ ಗುಂಡು ಅಲ್ಲಿಗೆ ಹೋಗದಂತೆ ಖಚಿತವಾದ ತಡೆ ಇರಬೇಕು. ಮೂರನೆಯ ಮಾರ್ಗ ಇಲ್ಲ.

ಎರಡು ಘಟನೆಗಳು

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ನಾರ್ತಾಮಲೈ ಸಮೀಪದಲ್ಲಿ ಪೊಲೀಸರಿಗೂ ಅರೆಸೇನಾ ಪಡೆಗಳಿಗೂ ಮೀಸಲಾದ ಗುಂಡಿನ ಅಭ್ಯಾಸದ ಸ್ಥಳವೊಂದಿತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಅಲ್ಲಿ ಅಭ್ಯಾಸ ನಡೆಸುತ್ತಿದ್ದ ಸಮಯದಲ್ಲಿ, ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ತನ್ನ ಅಜ್ಜನ ಮನೆಯಲ್ಲಿದ್ದ 11 ವರ್ಷದ ಬಾಲಕನೊಬ್ಬನ ತಲೆಗೆ ಗುಂಡು ತಗುಲಿತು. ಶಸ್ತ್ರಚಿಕಿತ್ಸೆ ಮಾಡಿದರೂ ಫಲಕಾರಿಯಾಗದೆ, 2022ರ ಜನವರಿ 3ರಂದು ಬಾಲಕ ಮೃತಪಟ್ಟನು. ಅಲ್ಲಿ ಅಭ್ಯಾಸವನ್ನು ನಿಲ್ಲಿಸಲಾಯಿತು. ಇಲ್ಲಿ ಗುಂಡು ಹಾರಿಸುತ್ತಿದ್ದವರು ತರಬೇತಿ ಪಡೆಯುತ್ತಿದ್ದವರು, ಮೇಲ್ವಿಚಾರಕರಿದ್ದರು, ಸ್ಥಳ ಅದೇ ಉದ್ದೇಶಕ್ಕೆ ಗೊತ್ತುಮಾಡಿದ್ದಾಗಿತ್ತು. ಇಷ್ಟೆಲ್ಲ ಇದ್ದೂ ಒಂದು ಗುಂಡು ತಡೆಯನ್ನು ದಾಟಿ ಊರನ್ನು ತಲುಪಿತು.

ಎರಡನೆಯ ಘಟನೆ ಕೊಚ್ಚಿಯದು. 2022ರ ಸೆಪ್ಟೆಂಬರಿನಲ್ಲಿ ಫೋರ್ಟ್ ಕೊಚ್ಚಿಯ ಸಮೀಪ ಸಮುದ್ರದಲ್ಲಿ ದೋಣಿಯ ಮೇಲಿದ್ದ ಮೀನುಗಾರರೊಬ್ಬರ ಕಿವಿಗೆ ಗುಂಡು ತಗುಲಿ ಗಾಯವಾಯಿತು. ಹತ್ತಿರದಲ್ಲಿಯೇ ನೌಕಾಪಡೆಯ ಶಸ್ತ್ರಾಭ್ಯಾಸ ಶಾಲೆಯಾದ ಐ.ಎನ್.ಎಸ್. ದ್ರೋಣಾಚಾರ್ಯ ಇರುವುದರಿಂದ ಪೊಲೀಸರ ತನಿಖೆ ಆ ಕಡೆಗೂ ತಿರುಗಿತು. ಆ ಗುಂಡು ತಮ್ಮದಲ್ಲವೆಂದು ನೌಕಾಪಡೆ ಹೇಳಿತು. ಯಾರ ಕಡೆಯಿಂದ ಬಂತೆಂಬ ವಾದವನ್ನು ಬದಿಗಿಟ್ಟು ನೋಡಿದರೆ ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಗುಂಡಿಗೆ ವಿಳಾಸವಿಲ್ಲ. ಅದು ತಗುಲಿದವನು ಗುರುತಿಸಬಹುದಾದ ಮನುಷ್ಯ, ಹಾರಿಸಿದವನು ಹಾಗಲ್ಲ. ಆ ಪ್ರದೇಶದಲ್ಲಿ ಕೋವಿ ಹಿಡಿದ ಪ್ರತಿಯೊಬ್ಬನ ಮೇಲೂ ಸಂಶಯದ ನೆರಳು ಬೀಳುತ್ತದೆ. ಮುಂದೆ ಅರಬ್ಬೀ ಸಮುದ್ರವೇ ಇದ್ದರೂ ನೌಕಾಪಡೆಯು ಫೋರ್ಟ್ ಕೊಚ್ಚಿಯಲ್ಲಿ ಗುಂಡಿನ ಅಭ್ಯಾಸ ನಡೆಸುವ ದಿನಾಂಕಗಳನ್ನು ಮುಂಚಿತವಾಗಿ ಪ್ರಕಟಿಸಿ ಮೀನುಗಾರರನ್ನು ಎಚ್ಚರಿಸುವ ಪದ್ಧತಿ ಇದೆ. ಐದು ಎಕರೆ ತೋಟದ ಯಜಮಾನನು ಇದನ್ನು ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಖಾಲಿ ನೆಲವೆಂಬ ಭ್ರಮೆ

ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರ್. ಈ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಒಂದು ಊರು ಮುಗಿದು ಇನ್ನೊಂದು ಊರು ಆರಂಭವಾದದ್ದು ತಿಳಿಯುವುದೇ ಇಲ್ಲ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಊರು ಒಂದು ಕಡೆ, ಹೊಲ ಒಂದು ಕಡೆ. ಇಲ್ಲಿ ಹಾಗಲ್ಲ. ಪ್ರತಿಯೊಂದು ತೋಟದಲ್ಲಿಯೂ ಒಂದು ಮನೆ, ಮನೆಗೊಂದು ಬಾವಿ, ಎರಡು ತೋಟಗಳ ನಡುವೆ ಒಂದು ಕಾಲುದಾರಿ. 2011ರ ಜನಗಣತಿಯ ಪ್ರಕಾರ ಕೇರಳದಲ್ಲಿ ಪ್ರತಿ ಚದರ ಕಿಲೋಮೀಟರಿಗೆ 860 ಮಂದಿ. ತಿರುವನಂತಪುರ ಜಿಲ್ಲೆಯಲ್ಲಿ 1,508. ಕೊಚ್ಚಿ ಇರುವ ಎರ್ನಾಕುಳಂ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು. ಇದೇ ಗಣತಿಯಲ್ಲಿ ಕೊಡಗಿನ ಸಂಖ್ಯೆ 135.

ಈಗ ಗುಂಡಿನ ಲೆಕ್ಕ ನೋಡೋಣ. ಕ್ರೀಡೆಯಲ್ಲಿ ಬಳಸುವ, ಅತಿ ಚಿಕ್ಕದೆಂದು ಎಣಿಸುವ .22 ರೈಫಲ್ಲಿನ ಗುಂಡು ತಡೆಯಿಲ್ಲದಿದ್ದರೆ ಸುಮಾರು ಒಂದೂವರೆ ಕಿಲೋಮೀಟರ್ ಸಾಗಬಲ್ಲದು. ಹನ್ನೆರಡು ಬೋರಿನ ಕೋವಿಯ ಸಣ್ಣ ಚರೆಗಳು ಇನ್ನೂರು ಮೀಟರ್ ದಾಟುತ್ತವೆ. ಹಂದಿಗೆ ಹೊಡೆಯುವ ದಪ್ಪ ಚರೆಗಳು ಅರ್ಧ ಕಿಲೋಮೀಟರಿಗೂ ಮೀರಿ ಹೋಗುತ್ತವೆ. ಹಾಗಿರುವಾಗ, ಚದರ ಕಿಲೋಮೀಟರಿಗೆ ಸಾವಿರ ಜನರಿರುವ ನಾಡಿನಲ್ಲಿ ಗುರಿಫಲಕದ ಹಿಂದೆ ಯಾರೂ ಇಲ್ಲವೆಂದು ಹೇಳುವುದು ಸಾಧ್ಯವೇ?

ಸಾಧ್ಯವೆಂದು ತೋರುವ ಸ್ಥಳಗಳೂ ಮೋಸ ಮಾಡುತ್ತವೆ. ರಬ್ಬರ್ ತೋಟವನ್ನೇ ತೆಗೆದುಕೊಳ್ಳಿ. ಸಾಲುಸಾಲಾಗಿ ನಿಂತ ಮರಗಳ ಮಧ್ಯೆ ಉದ್ದವಾದ ಓಣಿ, ನೆರಳು, ನಿಶ್ಶಬ್ದ. ಗುರಿ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಬೆಳಕು ಹರಿಯುವ ಮುಂಚೆಯೇ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗ್ ಮಾಡುವವರು ಮರದಿಂದ ಮರಕ್ಕೆ ಸದ್ದಿಲ್ಲದೆ ನಡೆಯುತ್ತಿರುತ್ತಾರೆ. ತೆಂಗಿನ ತೋಟದಲ್ಲಿ ಕಳ್ಳು ಇಳಿಸುವ ಮೂರ್ತೆದಾರರು ಮರದ ತಲೆಯಲ್ಲಿರುತ್ತಾರೆ. ನೆಲದ ಮೇಲೆ ನಿಂತವನ ಕಣ್ಣಿಗೆ ಅವರು ಕಾಣುವುದಿಲ್ಲ. ದಿಬ್ಬವನ್ನು ದಾಟಿ ಮೇಲೇರಿದ ಗುಂಡು ಹಾದುಹೋಗುವುದು ಸರಿಯಾಗಿ ಅವರ ಎತ್ತರದಲ್ಲಿಯೇ. ಭತ್ತದ ಬಯಲಂತೂ ಇನ್ನೂ ಅಪಾಯಕಾರಿ. ಕೇರಳದ ಹಳ್ಳಿಗಳಲ್ಲಿ ಐವತ್ತು ಮೀಟರ್ ಅಡೆತಡೆಯಿಲ್ಲದ ಸಮತಟ್ಟಾದ ನೆಲವೆಂದರೆ ಬಹುಪಾಲು ಇದೊಂದೇ ಆದುದರಿಂದ ಕಣ್ಣು ಅತ್ತ ಹೋಗುತ್ತದೆ. ನಿಂತ ನೀರಿಗೆ ಓರೆಯಾಗಿ ತಾಗಿದ ಗುಂಡು ಮುಳುಗುವುದಿಲ್ಲ. ಮಕ್ಕಳು ಕೆರೆಯಲ್ಲಿ ಬಿಸಾಡುವ ಚಪ್ಪಟೆ ಕಲ್ಲಿನಂತೆ ಪುಟಿದು ಊಹಿಸದ ದಿಕ್ಕಿಗೆ ಹಾರುತ್ತದೆ. ಅಲ್ಲದೆ, ಅಲ್ಲಿ ಮಣ್ಣು ತುಂಬಿಸಿ ದಿಬ್ಬ ಕಟ್ಟುವುದಕ್ಕೆ 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಅಧಿನಿಯಮ ಅಡ್ಡಬರುತ್ತದೆ.

ಕೊಡಗಿನ ಮಾತು ಇಲ್ಲಿ ಬಂದೇ ಬರುತ್ತದೆ. ಸೆಪ್ಟೆಂಬರಿನ ಕೈಲ್ ಮುಹೂರ್ತದ ಸಂದರ್ಭದಲ್ಲಿ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಅಲ್ಲಿ ಊರೂರಿನಲ್ಲಿ ನಡೆಯುತ್ತವೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಆರಂಭವಾದ ಆಯುಧ ವಿನಾಯಿತಿಯು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಮುಂದುವರಿದಿದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಇದನ್ನು ನೋಡಿ, ನಮ್ಮ ತೋಟದಲ್ಲಿಯೂ ಹಾಗೆಯೇ ಮಾಡಬಹುದೆಂದು ಭಾವಿಸುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದಾಗಿ, ಅಲ್ಲಿನ ಸ್ಪರ್ಧೆ ಊರವರೆಲ್ಲ ಸೇರಿ, ಹಿರಿಯರ ಎದುರಿನಲ್ಲಿ, ಎಲ್ಲರಿಗೂ ತಿಳಿದ ದಿನ ತಿಳಿದ ಜಾಗದಲ್ಲಿ ನಡೆಸುವಂಥದು. ಒಬ್ಬನು ಮನಸ್ಸು ಬಂದಾಗ ಹಿತ್ತಲಿನಲ್ಲಿ ನಡೆಸುವುದಲ್ಲ. ಎರಡನೆಯದಾಗಿ, ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ. ದಾರಿತಪ್ಪಿದ ಗುಂಡಿನಿಂದಾಗುವ ಹಾನಿಯ ಹೊಣೆಯಿಂದ ಯಾವ ಅಧಿಸೂಚನೆಯೂ ಯಾರನ್ನೂ ಬಿಡುಗಡೆ ಮಾಡಿಲ್ಲ.

ನಾಲ್ಕು ಸೆಂಟಿಮೀಟರ್

'ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಕಟ್ಟಿದರೆ ಸಾಲದೆ?' ಎಂದು ಕೇಳಬಹುದು. ಸಾಲುವುದೋ ಇಲ್ಲವೋ ಎಂಬುದನ್ನು ಸರಳ ಗಣಿತದಿಂದಲೇ ತಿಳಿಯಬಹುದು. ರೈಫಲ್ಲಿನ ಉದ್ದ ಸುಮಾರು ಒಂದು ಮೀಟರ್ ಎಂದಿಟ್ಟುಕೊಳ್ಳೋಣ. ಭುಜಕ್ಕೊತ್ತಿದ ತುದಿ ಅಲ್ಲಿಯೇ ಇದ್ದು, ನಳಿಗೆಯ ಬಾಯಿ ಇರಬೇಕಾದುದಕ್ಕಿಂತ ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಎದ್ದಿತೆಂದರೆ, ನೂರಕ್ಕೆ ನಾಲ್ಕರ ಏರಿಕೆಯಾಯಿತು. ಐವತ್ತು ಮೀಟರ್ ದೂರದಲ್ಲಿ ಅದು ಎರಡು ಮೀಟರ್ ಆಗುತ್ತದೆ. ಗುರಿಯ ಮಧ್ಯಬಿಂದುವಿನಿಂದ ಎರಡು ಮೀಟರ್ ಎತ್ತರದ ದಿಬ್ಬವನ್ನು ಗುಂಡು ಆಗಲೇ ದಾಟಿತು. ನಾಲ್ಕು ಸೆಂಟಿಮೀಟರ್ ಎಂದರೆ ಎರಡು ಬೆರಳುಗಳ ಅಗಲಕ್ಕಿಂತ ತುಸು ಹೆಚ್ಚು. ಸೊಳ್ಳೆ ಕಚ್ಚಿದರೂ, ಕಾಲು ಜಾರಿದರೂ, ಪಕ್ಕದವರು ಕರೆದಾಗ ತಿರುಗಿ ನೋಡಿದರೂ ಅಷ್ಟು ಏರುಪೇರು ಆಗಿಯೇ ಆಗುತ್ತದೆ. ಆ ಕ್ಷಣದಲ್ಲಿ ಬೆರಳು ಕುದುರೆಯ ಮೇಲಿದ್ದರೆ ಮುಂದಿನದು ಯಾರ ಕೈಯಲ್ಲಿಯೂ ಇಲ್ಲ.

ವಿಧಿವತ್ತಾದ ರೇಂಜುಗಳಲ್ಲಿ ಇದಕ್ಕಾಗಿಯೇ ಎತ್ತರದ ದಿಬ್ಬದ ಜೊತೆಗೆ ಎರಡು ಪಕ್ಕಗಳಲ್ಲಿ ಗೋಡೆ, ಮೇಲ್ಭಾಗದಲ್ಲಿ ಅಡ್ಡತಡೆ, ದಿಬ್ಬದಾಚೆಗೆ ಜನರು ಪ್ರವೇಶಿಸದ ವಿಶಾಲ ಭೂಮಿ ಇವೆಲ್ಲವೂ ಇರುತ್ತವೆ. ಖಾಸಗಿ ಜಮೀನಿನಲ್ಲಿ ಇಷ್ಟನ್ನು ಒದಗಿಸುವುದು ಖರ್ಚಿನ ಮಾತು. ಕರಾವಳಿಯ ನೆಲದಲ್ಲಿ ಇನ್ನೊಂದು ತೊಂದರೆಯೂ ಉಂಟು. ಇಲ್ಲಿನ ಗುಡ್ಡ ಕಡಿದರೆ ಸಿಗುವುದು ಮುರಕಲ್ಲು. ಗಟ್ಟಿಯಾದ ಮುರಕಲ್ಲಿನ ಮೈಗೆ ತಾಗಿದ ಗುಂಡು ಒಳಗೆ ಹುಗಿಯದೆ ಸಿಡಿದು ಹಿಂದಿರುಗಬಹುದು. ಕಲ್ಲಿಲ್ಲದ ಮಣ್ಣು ಅಥವಾ ಮರಳನ್ನೇ ಪೇರಿಸಿದರೆ, ಜೂನ್ ತಿಂಗಳಿಂದ ಸುರಿಯುವ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಜೂನಿನಲ್ಲಿದ್ದ ಎತ್ತರ ಅಕ್ಟೋಬರಿನಲ್ಲಿ ಇರುವುದಿಲ್ಲ. ಪ್ರತಿವರ್ಷ ಅಳೆದು, ಮತ್ತೆ ಪೇರಿಸಿ, ಹುಲ್ಲು ನೆಟ್ಟು ಕಾಪಾಡುವ ತಾಳ್ಮೆ ಎಲ್ಲರಿಗೂ ಇರುವುದೆಂದು ನಂಬುವುದು ಕಷ್ಟ.

ಕಾನೂನಿನ ಚೌಕಟ್ಟು

ಬಂದೂಕುಗಳಿಗೆ ಸಂಬಂಧಿಸಿದಂತೆ ದೇಶಾದ್ಯಂತ ಜಾರಿಯಲ್ಲಿರುವುದು ಆಯುಧಗಳ ಅಧಿನಿಯಮ, 1959 ಮತ್ತು ಆಯುಧಗಳ ನಿಯಮಾವಳಿ, 2016. ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಪರವಾನಗಿ ದೊರೆಯುವುದಿಲ್ಲ. ಕಿರಿಯ ಕ್ರೀಡಾಪಟುಗಳು ನಿಯಮಗಳಿಗೆ ಒಳಪಟ್ಟು ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಲು ಮಾತ್ರ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಒಬ್ಬ ಸಾಮಾನ್ಯ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಇಲ್ಲಿ ಸಾಮಾನ್ಯ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಪರವಾನಗಿಯು ಬಂದೂಕಿಗೆ ಸಂಬಂಧಿಸಿದ್ದು. ಅದು ಜಮೀನನ್ನು ರೇಂಜ್ ಆಗಿ ಮಾಡುವುದಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿಯು ಆ ಉದ್ದೇಶಕ್ಕೆ, ಅದರಲ್ಲಿ ನಮೂದಿಸಿದ ಪ್ರದೇಶಕ್ಕೆ ಸಂಬಂಧಪಟ್ಟಿದ್ದು. ಶೂಟಿಂಗ್ ಕ್ಲಬ್ಬುಗಳು ಹಾಗೂ ಗುಂಡಿನ ಅಭ್ಯಾಸದ ಸ್ಥಳಗಳ ಬಗ್ಗೆ 2016ರ ನಿಯಮಾವಳಿಯಲ್ಲಿ ಪ್ರತ್ಯೇಕ ಪರವಾನಗಿಯ ಏರ್ಪಾಡು ಇದೆ. ಆದ್ದರಿಂದ ತೋಟದಲ್ಲಿ ರೈಫಲ್ ಅಥವಾ ಕೋವಿಯ ಅಭ್ಯಾಸಕ್ಕೆಂದು ಕಾಯಂ ವ್ಯವಸ್ಥೆ ಮಾಡಬಯಸುವವರು, ಒಂದು ಬುಟ್ಟಿ ಮಣ್ಣು ಎತ್ತುವ ಮೊದಲು ಜಿಲ್ಲಾಧಿಕಾರಿಯವರ ಕಚೇರಿಗೆ ಲಿಖಿತವಾಗಿ ಬರೆದು, ಲಿಖಿತ ಉತ್ತರವನ್ನೇ ಪಡೆಯುವುದು ಅವಶ್ಯ. ಠಾಣೆಯ ಪರಿಚಯದ ಅಧಿಕಾರಿ 'ಪರವಾಗಿಲ್ಲ' ಎಂದು ಬಾಯಿಮಾತಿನಲ್ಲಿ ಹೇಳಿದುದಕ್ಕೆ, ಅವರು ವರ್ಗವಾದ ಮರುದಿನ ಬೆಲೆಯಿರುವುದಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಝಳಪಿಸುವುದನ್ನೂ ಹಾರಿಸುವುದನ್ನೂ ನಿಯಮಾವಳಿ ನಿಷೇಧಿಸಿದೆ. ಮದುವೆ, ಉತ್ಸವ ಮುಂತಾದ ಸಮಾರಂಭಗಳಲ್ಲಿ ಇತರರ ಸುರಕ್ಷತೆಗೆ ಧಕ್ಕೆಯಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು 2019ರ ತಿದ್ದುಪಡಿ ಹೇಳುತ್ತದೆ. ಸ್ವಂತ ನೆಲದಲ್ಲಿಯೇ ಹಾರಿಸಿದ್ದಾದರೂ, ಅಜಾಗರೂಕತೆಯಿಂದ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದರೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಪ್ರಕರಣ ಅನ್ವಯವಾಗುತ್ತದೆ. ಸಾವು ಸಂಭವಿಸಿದರೆ 106ನೇ ಪ್ರಕರಣ.

ಏರ್‌ಗನ್ನಿನ ವಿಷಯ ಸ್ವಲ್ಪ ಭಿನ್ನ. ನಳಿಗೆಯ ಅಳತೆ 4.5 ಮಿಲಿಮೀಟರ್ ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ 2016ರ ನಿಯಮಾವಳಿಯ ಪ್ರಕಾರ ಪರವಾನಗಿ ಬೇಕಿಲ್ಲ. ಎರಡರಲ್ಲಿ ಒಂದು ಮೀರಿದರೂ ಬೇಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಅದರ ಗುಂಡು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಹಕ್ಕಿ, ಅಳಿಲು, ಮಂಗಗಳ ಮೇಲೆ ಅದನ್ನು ಪ್ರಯೋಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಕೈಗೆ ಸಿಕ್ಕಿಬೀಳಬೇಕಾಗುತ್ತದೆ. ಏರ್‌ಗನ್ನುಗಳಿಂದ ಹಕ್ಕಿಗಳ ಸಂತತಿಗೆ ಆಗುತ್ತಿದ್ದ ಹಾನಿಯನ್ನು ಕಂಡು ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಅವುಗಳನ್ನು ಸ್ವಇಚ್ಛೆಯಿಂದ ಸರ್ಕಾರಕ್ಕೆ ಒಪ್ಪಿಸುವ ಆಂದೋಲನವನ್ನೇ ನಡೆಸಬೇಕಾಯಿತು.

ಹತ್ತು ಮೀಟರಿನ ಕೋಣೆ

ಹಾಗಾದರೆ ಸ್ವಂತ ಜಮೀನಿನಲ್ಲಿ ಏನೂ ಸಾಧ್ಯವಿಲ್ಲವೇ? ಸಾಧ್ಯವಿದೆ. ಬಿಂದ್ರಾ ಅವರ ಚಿನ್ನವೂ ಮನು ಭಾಕರ್ ಅವರ ಕಂಚುಗಳೂ ಬಂದದ್ದು ಹತ್ತು ಮೀಟರ್ ದೂರದ, ಗಾಳಿಯ ಒತ್ತಡದಿಂದ ಹಾರುವ ಗುಂಡಿನ ಸ್ಪರ್ಧೆಗಳಲ್ಲಿ ಎಂಬುದನ್ನು ನೆನಪಿಡಬೇಕು. ಒಲಿಂಪಿಕ್ ಮಟ್ಟದ ಅಭ್ಯಾಸಕ್ಕೆ ಒಂದು ಉದ್ದವಾದ ಕೋಣೆ ಸಾಕು. ಅಡಿಕೆ ಅಥವಾ ರಬ್ಬರ್ ಹಾಳೆ ಒಣಗಿಸುವ ಹಳೆಯ ಕೊಟ್ಟಿಗೆ ಎಷ್ಟೋ ಮನೆಗಳಲ್ಲಿ ಬಳಕೆಯಿಲ್ಲದೆ ಬಿದ್ದಿರುತ್ತದೆ. ಗೋಡೆ ಗಟ್ಟಿಯಾಗಿದ್ದರೆ ಅದೇ ಸಾಕಾಗಬಹುದು. ಹೊಸದಾಗಿ ಕಟ್ಟುವುದಾದರೆ ಪಂಚಾಯಿತಿಯ ಕಟ್ಟಡ ಪರವಾನಗಿ ಪಡೆಯಬೇಕು.

ಗುಂಡು ಹಾರಿಸುವ ಗೆರೆಯಿಂದ ಗುರಿಫಲಕಕ್ಕೆ ಸರಿಯಾಗಿ ಹತ್ತು ಮೀಟರ್. ಗೆರೆಯ ಹಿಂದೆ ನಿಲ್ಲಲು, ಮೇಜು ಇಡಲು, ಓಡಾಡಲು ಮೂರು ಮೀಟರ್. ಫಲಕದ ಹಿಂದೆ ಗುಂಡು ಹಿಡಿಯುವ ಪೆಟ್ಟಿಗೆಗೂ ಗೋಡೆಗೂ ಒಂದು ಮೀಟರ್. ಒಟ್ಟು ಹದಿನಾಲ್ಕು ಮೀಟರ್ ಉದ್ದವಾಯಿತು. ಅಗಲ, ಒಬ್ಬ ಅಭ್ಯಾಸಿಗೆ ಕನಿಷ್ಠ ಒಂದು ಮೀಟರಿನಂತೆ. ಗುರಿಯ ಮಧ್ಯಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ರೈಫಲ್ ಸ್ಪರ್ಧೆಯ ಗುರಿಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ಪೆನ್ಸಿಲ್ಲಿನ ಮೊನೆ ತಾಗಿಸಿದಷ್ಟು. ಆದ್ದರಿಂದ ಗುರಿಯ ಮೇಲೆ ಬೀಳುವ ಬೆಳಕು ಕನಿಷ್ಠ 1,500 ಲಕ್ಸ್ ಇರಬೇಕಾಗುತ್ತದೆ. ವಿದ್ಯುತ್ ಆಗಾಗ ಕೈಕೊಡುವ ಹಳ್ಳಿಗಳಲ್ಲಿ ಇನ್ವರ್ಟರ್ ಇಡುವುದು ಮೇಲು. ಗುರಿ ಮಸುಕಾದಾಗ ಹಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲೇಬಾರದು.

ಸ್ಪರ್ಧೆಯ ಏರ್ ರೈಫಲ್ಲಿನ ಸೀಸದ ಗುಂಡು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದನ್ನು ತಡೆಯುವುದು ಸುಲಭ, ಹಿಡಿದಿಡುವುದೇ ಜಾಣತನ. ನೆಟ್ಟಗೆ ನಿಲ್ಲಿಸಿದ ತಗಡಿಗೆ ಹೊಡೆದರೆ ಗುಂಡು ಚೂರಾಗಿ ಹಿಂದಕ್ಕೆ ಸಿಡಿಯುತ್ತದೆ. ಆದ್ದರಿಂದ ಪೆಟ್ಟಿಗೆಯ ಒಳಗೆ ದಪ್ಪ ಉಕ್ಕಿನ ಹಲಗೆಯನ್ನು, ಅದರ ಮೇಲಂಚು ಹಾರಿಸುವವನ ಕಡೆಗೆ ಬಾಗಿರುವಂತೆ ಓರೆಯಾಗಿ ಕೂರಿಸಬೇಕು. ಆಗ ಗುಂಡು ಕೆಳಮುಖವಾಗಿ ತಿರುಗಿ ಪೆಟ್ಟಿಗೆಯ ತಳದಲ್ಲಿ ಬೀಳುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಮಾಡಿಸಿಕೊಳ್ಳಬಹುದು. ಪೆಟ್ಟಿಗೆ ತಪ್ಪಿದ ಗುಂಡಿಗಾಗಿ ಅದರ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು, ದಪ್ಪ ರಬ್ಬರಿನ ಹಾಸನ್ನು ಮೇಲಿನಿಂದ ಸಡಿಲವಾಗಿ ಇಳಿಬಿಡಬೇಕು. ಉಕ್ಕಿನ ಗುಂಡುಗಳನ್ನು ಈ ಕೋಣೆಯೊಳಗೆ ತರಲೇಬಾರದು. ಅವು ಸೀಸದಂತೆ ಚಪ್ಪಟೆಯಾಗದೆ ಚೆಂಡಿನಂತೆ ಪುಟಿಯುತ್ತವೆ. ಕೋಣೆಯಲ್ಲಿರುವ ಎಲ್ಲರಿಗೂ, ನೋಡಲು ಬಂದವರಿಗೂ, ಕನ್ನಡಕ ಕಡ್ಡಾಯ.

ಕೋಣೆಗೆ ಬಾಗಿಲು ಇರಬೇಕಾದುದು ಹಾರಿಸುವವನ ಬೆನ್ನ ಹಿಂದೆ. ಗೆರೆಯ ಮುಂದಿನ ಭಾಗದಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಇದ್ದರೆ ಅದನ್ನು ಇಟ್ಟಿಗೆಯಿಂದ ಮುಚ್ಚಿಸಿಬಿಡುವುದೇ ಕ್ಷೇಮ. ಚಿಲಕ ಹಾಕಿದರಾಯಿತೆಂದು ಬಿಟ್ಟರೆ ಒಂದಲ್ಲ ಒಂದು ದಿನ ಚಿಲಕ ಹಾಕುವುದು ಮರೆತುಹೋಗುತ್ತದೆ, ಅಂದೇ ಚೆಂಡು ಹುಡುಕುತ್ತ ಮಗು ಒಳಗೆ ಬರುತ್ತದೆ.

ಸೀಸ, ಮಳೆ, ಬಾವಿ

ಇನ್ನು ಉಳಿದಿರುವುದು ಹೆಚ್ಚಿನವರು ಯೋಚಿಸದ ಒಂದು ವಿಷಯ. ಒಂದು ಸೀಸದ ಗುಂಡಿನ ತೂಕ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ದಿನಕ್ಕೆ ನೂರು ಗುಂಡುಗಳಂತೆ ವರ್ಷದಲ್ಲಿ ಮುನ್ನೂರು ದಿನ ಅಭ್ಯಾಸ ಮಾಡುವ ಒಬ್ಬ ಹುಡುಗಿ ಒಂದು ವರ್ಷದಲ್ಲಿ ಹಾರಿಸುವ ಸೀಸ ಸುಮಾರು 15 ಕಿಲೋ. ನಮ್ಮ ದೇಶದ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಇರಬಹುದಾದ ಸೀಸದ ಮಿತಿ 0.01 ಮಿಲಿಗ್ರಾಂ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗಾಬರಿಯಾಗುತ್ತದೆ.

ಪೆಟ್ಟಿಗೆಯಲ್ಲಿ ಒಣಗಿ ಬಿದ್ದಿರುವ ಸೀಸ ನೀರಿಗೆ ಸೇರುವುದಿಲ್ಲ. ತೊಂದರೆ ಬಯಲಿನ ಮಣ್ಣಿನ ದಿಬ್ಬದಲ್ಲಿ. ಕೇರಳ ಹಾಗೂ ನಮ್ಮ ಕರಾವಳಿಯ ಮುರಕಲ್ಲಿನ ನೆಲ ಹುಳಿ ಗುಣದ್ದು; ಹುಳಿ ಮಣ್ಣಿನಲ್ಲಿ ಸೀಸ ಬೇಗ ಸವೆದು ಕರಗುತ್ತದೆ. ಮೇಲೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ. ಕೆಳಗೆ, ಇಳಿಜಾರಿನಲ್ಲಿ, ಮನೆಮನೆಗೂ ತೆರೆದ ಬಾವಿ. ಸೀಸದ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಬುದ್ಧಿಶಕ್ತಿಯ ಬೆಳವಣಿಗೆಯನ್ನು ಅದು ಕುಂಠಿತಗೊಳಿಸುತ್ತದೆ. ಮೇಲಿನ ತೋಟದವರ ಹವ್ಯಾಸಕ್ಕೂ ಕೆಳಗಿನ ಮನೆಯ ಮಗುವಿನ ಮಂದಬುದ್ಧಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದೇ ಇಲ್ಲ. ಗುಂಡು ಗುರಿ ತಪ್ಪದೆ ದಿಬ್ಬದೊಳಗೆ ಹುಗಿದಾಗಲೂ ಅದರ ಪ್ರಯಾಣ ಮುಗಿಯಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಒಳಾಂಗಣದಲ್ಲಿ ಪೆಟ್ಟಿಗೆಯನ್ನು ಬರಿಗೈಯಲ್ಲಿ ತೆರವು ಮಾಡಬಾರದು. ನೆಲವನ್ನು ಒಣಪೊರಕೆಯಿಂದ ಗುಡಿಸಿದರೆ ಸೀಸದ ಧೂಳು ಎದ್ದು ಉಸಿರಿನೊಳಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಅಭ್ಯಾಸದ ಕೋಣೆಯಲ್ಲಿ ತಿಂಡಿ, ಕಾಫಿ ಬೇಡ. ಹೊರಬಂದ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು.

ದೊಡ್ಡ ದೂರದ ಅಭ್ಯಾಸ

ಐವತ್ತು ಮೀಟರ್ ರೈಫಲ್, ಇಪ್ಪತ್ತೈದು ಮೀಟರ್ ಪಿಸ್ತೂಲಿನ ಅಭ್ಯಾಸ ಬೇಕೆನ್ನುವವರಿಗೆ ಸಾರ್ವಜನಿಕ ರೇಂಜುಗಳೇ ಸರಿಯಾದ ಸ್ಥಳ. 2015ರಲ್ಲಿ ಕೇರಳದಲ್ಲಿ ನಡೆದ 35ನೇ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ತಿರುವನಂತಪುರದ ವಟ್ಟಿಯೂರ್‌ಕಾವಿನಲ್ಲಿ ಶೂಟಿಂಗ್ ರೇಂಜನ್ನು ಕಟ್ಟಲಾಯಿತು. ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಜಿ.ವಿ. ಮಾವಳಂಕರ್ ಅವರ ನೇತೃತ್ವದಲ್ಲಿ 1951ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಕೇರಳ, ಕರ್ನಾಟಕ ಎರಡರಲ್ಲಿಯೂ ರಾಜ್ಯ ಶಾಖೆಗಳಿವೆ. ಸದಸ್ಯರಾಗಿ ಸೇರಿದವರಿಗೆ ತರಬೇತಿ ದೊರೆಯುತ್ತದೆ. ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಅಭ್ಯಾಸ ನಡೆಯುತ್ತದೆ. ಹಂದಿ ಕಾಟಕ್ಕೆ ಕೋವಿ ಹಿಡಿಯುವ ಕೃಷಿಕರೂ ತಮ್ಮ ಜಿಲ್ಲೆಯ ರೈಫಲ್ ಸಂಸ್ಥೆಯನ್ನು ವಿಚಾರಿಸಿ, ವರ್ಷಕ್ಕೆ ನಾಲ್ಕಾರು ಸಲವಾದರೂ ಅಲ್ಲಿಗೆ ಹೋಗಿ ಬರುವುದು, ತೋಟದ ಮೂಲೆಯಲ್ಲಿ ತೆಂಗಿನ ಚಿಪ್ಪಿಟ್ಟು ಹೊಡೆಯುವುದಕ್ಕಿಂತ ಎಷ್ಟೋ ಮೇಲು. ಬಸ್ಸಿನ ಖರ್ಚು, ಒಂದು ದಿನದ ಕೆಲಸ ಹೋಗುತ್ತದೆಂಬುದು ನಿಜ. ಈ ತೊಂದರೆಯನ್ನು ಮನಗಂಡು ತಾಲೂಕು ಮಟ್ಟದಲ್ಲಿ ಅಭ್ಯಾಸದ ಅನುಕೂಲ ಕಲ್ಪಿಸುವುದು, ಕೃಷಿಕನ ಕೈಗೆ ಕೋವಿಯ ಹೊಣೆಯನ್ನು ವಹಿಸಿದ ಆಡಳಿತದ ಕರ್ತವ್ಯವೂ ಹೌದು.

ಮನೆಯಲ್ಲಿ ಹತ್ತು ಮೀಟರಿನ ಕೋಣೆ ಕಟ್ಟುವವರು ಕೆಲಸ ಆರಂಭಿಸುವ ಮೊದಲೇ ನಾಲ್ಕೂ ಕಡೆಯ ನೆರೆಹೊರೆಯವರನ್ನು ಕರೆದು ಜಾಗ ತೋರಿಸಿ, ಅಭ್ಯಾಸದ ವೇಳೆಯನ್ನು ತಿಳಿಸುವುದು ಒಳ್ಳೆಯದು. ಆ ವೇಳೆಯಲ್ಲಿ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ಮುಗಿದ ಮೇಲೆ ತೆಗೆಯಬೇಕು. ಒಳಗೆ ಒಂದು ನೋಟ್‌ಪುಸ್ತಕ ಇರಲಿ: ದಿನಾಂಕ, ಯಾರು ಹಾರಿಸಿದರು, ಎಷ್ಟು ಗುಂಡು, ಪೆಟ್ಟಿಗೆ ತೆರವು ಮಾಡಿದ್ದು ಯಾವಾಗ. ಏರ್‌ಗನ್ನನ್ನೂ ಗುಂಡಿನ ಡಬ್ಬಿಯನ್ನೂ ಬೇರೆಬೇರೆ ಬೀಗದೊಳಗೆ ಇಡಬೇಕು, ಬೀಗದ ಕೈ ಮನೆಯ ಹಿರಿಯರೊಬ್ಬರ ಬಳಿಯೇ ಇರಬೇಕು. ಪೆಟ್ಟಿಗೆಯಿಂದ ತೆಗೆದ ಸೀಸವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಮಳೆನೀರು ತಾಗದಂತೆ ಎತ್ತಿಟ್ಟು, ತುಂಬಿದ ಮೇಲೆ ಹಳೆಯ ಬ್ಯಾಟರಿಗಳನ್ನು ಕೊಳ್ಳುವ ಅಧಿಕೃತ ವ್ಯಾಪಾರಿಗಳ ಬಳಿ ವಿಚಾರಿಸಿ ಸೀಸ ಕರಗಿಸುವ ಕಾರ್ಖಾನೆಗೆ ಸೇರುವಂತೆ ಮಾಡಬೇಕು. ಯಾವ ಕಾರಣಕ್ಕೂ ಅದನ್ನು ತೆಂಗಿನ ಬುಡದಲ್ಲಿ ಹೂಳಬಾರದು.